ಲೈಸೆನ್ಸಿಲ್ಲದವನ ನಲವತ್ಮೂರು ಕಾರು

ನನ್ನ ಹತ್ತಿರ 43 ಕಾರುಗಳಿವೆ. ಡ್ರೈವಿಂಗ್ ಲೈಸೆನ್ಸ್ ಇಲ್ಲ.

ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ನಮ್ಮ ಕುಂದಾಪುರದ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಚಪ್ಪಲಿ ನೋಡುತ್ತಾರೆ. ಹಿಮ್ಮಡಿ ಸವೆದದ್ದು ಕಂಡ ಮೇಲೆ ಎರಡನೆಯದು ಮಾತ್ರ ನಿಜ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಎರಡೂ ನಿಜ. ಬಹಳ ಹಿಂದೆ ಒಮ್ಮೆ ಕಾರು ಕಲಿಯಲು ಹೋದದ್ದುಂಟು. ಮೂರನೇ ದಿನ ರಿವರ್ಸ್ ತೆಗೆಯುವಾಗ ಯಾರದೋ ಮನೆಯ ದಾಸವಾಳದ ಬೇಲಿಯನ್ನು ಬೇರುಸಮೇತ ಎಳೆದುಕೊಂಡು ಬಂದೆ. ಕಲಿಸುವವರು ಕೆಳಗಿಳಿದರು, ಬಂಪರಿಗೆ ಸಿಕ್ಕಿಕೊಂಡ ಒಂದು ಹೂವನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು, ಬಹಳ ಮರ್ಯಾದೆಯಿಂದ ಕೇಳಿದರು: “ಹ್ವಾಯ್, ನಿಮ್ಗೆ ಬಸ್ಸೇ ಸಾಕಲ್ದಾ?”

ಸಾಕಾಯಿತು. ಇವತ್ತಿಗೂ ನಾನು ಬಸ್ಸಿನವನೇ. ಆದರೆ ಚಾವಡಿಯ ಗಾಜಿನ ಕಪಾಟಿನಲ್ಲಿ ಆಲ್ಫಾ ರೋಮಿಯೋ ಇದೆ, ಮಸೆರಾಟಿ ಇದೆ, ಲ್ಯಾನ್ಸಿಯಾ ಇದೆ, ಫೆರಾರಿಯಂತೂ ಒಂದು ಹಿಂಡೇ ಇದೆ. ಬಹುತೇಕ ಎಲ್ಲವೂ ಇಟಲಿಯ ಹಳೆಯ ಓಟದ ಕಾರುಗಳು, ಹೆಚ್ಚಿನವು ಕೆಂಪು. ಆ ಕಾಲದ ಓಟಗಳಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಣ್ಣ. ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ, ಇಟಲಿಗೆ ಕೆಂಪು. ಒಂದೆರಡು ಬಿಟ್ಟರೆ ಒಂದೊಂದು ಕಾರೂ ನನ್ನ ಅಂಗೈ ಉದ್ದ.

ಈ ಅಂಗೈ ಉದ್ದಕ್ಕೆ ಒಂದು ಲೆಕ್ಕವುಂಟು: 1:43. ಅಸಲಿ ಕಾರಿನ ಉದ್ದವನ್ನು 43 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ನಾಲ್ಕು ಮೀಟರಿನ ಕಾರು ಒಂಬತ್ತು ಚಿಲ್ಲರೆ ಸೆಂಟಿಮೀಟರಿಗೆ ಇಳಿಯುತ್ತದೆ. ನಲವತ್ತಲ್ಲ, ಐವತ್ತಲ್ಲ, ಇದೆಂತ ನಲವತ್ಮೂರು ಅಂತ ನೀವು ಕೇಳಬಹುದು. ಅದು ಆಟದ ರೈಲಿನಿಂದ ಬಂದ ಸಂಖ್ಯೆ. ಇಂಗ್ಲೆಂಡಿನಲ್ಲಿ ಒಂದು ಅಡಿಗೆ ಏಳು ಮಿಲಿಮೀಟರ್ ಲೆಕ್ಕ ಹಿಡಿದು ಆಟದ ರೈಲು ಮಾಡುತ್ತಿದ್ದರು. ಭಾಗಿಸಿ ನೋಡಿದರೆ 43.5 ಬರುತ್ತದೆ. ಆ ರೈಲಿನ ನಿಲ್ದಾಣದ ಹೊರಗೆ ನಿಲ್ಲಿಸಲು ಅದೇ ಅಳತೆಯ ಕಾರು ಬೇಕಾಯಿತು. ಆಮೇಲೆ ರೈಲಿನ ಕಾಲ ಹೋಯಿತು, ಕಾರು ಅಲ್ಲೇ ನಿಂತಿತು, ರಾತ್ರಿಯ ಗಾಡಿ ಹೋದ ಮೇಲೂ ಬಾಡಿಗೆಗೆ ಕಾಯುವ ರಿಕ್ಷಾದ ಹಾಗೆ.

ನನ್ನ 43ನೇ ಕಾರು ಬಂದ ದಿನ ಉಮೇದು ತಡೆಯಲಾರದೆ ಹೆಂಡತಿಯನ್ನು ಕರೆದೆ. “ಕಂಡ್ಯಾ, ಇವತ್ತಿಗೆ ನಮ್ಮನೆಯಲ್ಲಿ ಒಂದು ಪೂರ್ತಿ ಕಾರು ಆಯ್ತು.” ಅವಳು ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು. ಕೈಯಲ್ಲಿದ್ದ ಸೌತೆಕಾಯಿ ಕೆಳಗಿಡಲೂ ಇಲ್ಲ.

“ಉದ್ದಕ್ಕೆ ಆಯ್ತ್. ಅಗಲಕ್ಕೆ? ಎತ್ತರಕ್ಕೆ?”

ನಾನು ಸುಮ್ಮನಾದೆ. ಅವಳು ಸುಮ್ಮನಾಗಲಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ 43ನ್ನು 43ರಿಂದ ಗುಣಿಸಿ, ಬಂದದ್ದನ್ನು ಮತ್ತೆ 43ರಿಂದ ಗುಣಿಸಿದಳು. 79,507. “ನಿಮ್ಮ ಲೆಕ್ಕದ ಒಂದ್ ಕಾರ್ ತುಂಬುಕೆ ಇನ್ನ್ 79,464 ಕಾರ್ ಬರ್ಕ್. ಅಲ್ಲಿವರೆಗೆ ರಿಕ್ಷಾಕ್ಕೆ ಕಾಸ್ ಕೊಡಿ, ನಂಗೆ ಕೋಟೇಶ್ವರಕ್ಕೆ ಹೋಯ್ಕ್.”

ಇದೆಲ್ಲ ಶುರುವಾದದ್ದು ಬ್ರಹ್ಮಾವರದ ಭಾವನಿಂದ. ಎಂಬತ್ತರ ದಶಕದಲ್ಲಿ ಭಾವ ಗಲ್ಫಿನಲ್ಲಿದ್ದ. ಆಗ ಗಲ್ಫಿನಿಂದ ಬಂದವರ ಸೂಟ್‌ಕೇಸ್ ಬಿಚ್ಚುವುದೆಂದರೆ ಕೇರಿಗೆಲ್ಲ ಒಂದು ಪ್ರದರ್ಶನ. ಟೇಪ್ ರೆಕಾರ್ಡರ್, ಸೆಂಟಿನ ಬಾಟ್ಲಿ, ಟೈಗರ್ ಬಾಮ್ ಎಲ್ಲ ಹಂಚಿ ಮುಗಿದ ಮೇಲೆ ಅಡಿಯಿಂದ ಒಂದು ಪೆಟ್ಟಿಗೆ ಬಂತು. ನನ್ನ ಎರಡು ವರ್ಷದ ಮಗನಿಗೆ ಅಂತ ತಂದದ್ದು. ಒಳಗೆ ಆಲ್ಫಾ ರೋಮಿಯೋ 8ಸಿ 2300 ಮೋಂಜಾ, 1931ರ ಕಾರು, 1:18ರ ಅಳತೆ, ಒಂದು ಗೇಣಿನಷ್ಟು ಉದ್ದ. ಬೋನೆಟ್ಟಿನ ಬೆನ್ನಿಗೆ ಅಡ್ಡಡ್ಡ ಕೊರೆದ ಗೀರುಗಳು, ತಂತಿ ಕಡ್ಡಿಯ ಚಕ್ರ, ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಗಾಲಿ ತಿರುಗುತ್ತಿತ್ತು. “ಮಗು ಹಾಳು ಮಾಡಿಬಿಡ್ತದೆ, ದೊಡ್ಡವನಾದ ಮೇಲೆ ಕೊಡುವಾ” ಅಂತ ನಾನು ಅದನ್ನು ಮೇಲಿಟ್ಟೆ. ಮಗ ಈಗ ಬೆಂಗಳೂರಿನಲ್ಲಿದ್ದಾನೆ, ತಲೆ ಅಲ್ಲಲ್ಲಿ ನರೆತಿದೆ. ಇನ್ನೂ ಕೊಟ್ಟಿಲ್ಲ. ಪೂರ್ತಿ ದೊಡ್ಡವನಾಗಲಿ ಅಂತ.

ಆ ಕಾರಿನ ಹೊಟ್ಟೆಯಡಿ ಉಬ್ಬು ಅಕ್ಷರದಲ್ಲಿ ‘ಬುರಾಗೊ’ ಅಂತಿತ್ತು, ‘ಇಟಲಿಯಲ್ಲಿ ತಯಾರಾದದ್ದು’ ಅಂತಿತ್ತು. ಮಿಲಾನ್ ಹತ್ತಿರ ಬುರಾಗೊ ದಿ ಮೋಲ್ಗೊರಾ ಅಂತ ಒಂದು ಸಣ್ಣ ಊರು. ಬೆಸಾನಾ ಮನೆತನದವರು 1974ರಲ್ಲಿ ಶುರುಮಾಡಿದ ಆ ಕಾರ್ಖಾನೆ ಊರಿನ ಹೆಸರಿಗೆ ಮುಂದೊಂದು ಬಕಾರ ಹೆಚ್ಚು ಸೇರಿಸಿಕೊಂಡು ಜಗತ್ತಿನ ಮಕ್ಕಳ ಕೈಗೆಲ್ಲ ಹೋಯಿತು. 2005ರಲ್ಲಿ ಬಾಗಿಲು ಹಾಕಿತು. ಹೆಸರನ್ನು ಹಾಂಕಾಂಗಿನ ಕಂಪನಿಯೊಂದು ಕೊಂಡಿತು. ಈಗಿನ ಬುರಾಗೊ ಚೀನಾದಲ್ಲಿ ತಯಾರಾಗುತ್ತದೆ. ನಮ್ಮ ಕಡೆ ಹಂಚಿನ ಕಾರ್ಖಾನೆಗಳ ಚಿಮಣಿ ಒಂದೊಂದಾಗಿ ತಣ್ಣಗಾದದ್ದನ್ನು ಕಂಡವನಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಮಾಡಿನ ಹಂಚು ಬಸ್ರೂರಿನದೋ ಮಂಗಳೂರಿನದೋ ಅಂತ ತಿರುಗಿಸಿ ಮುದ್ರೆ ನೋಡುವ ಹಿರಿಯರಿದ್ದಾರಲ್ಲ, ನಾನು ಕಾರನ್ನು ಹಾಗೆ ಮಗುಚಿ ನೋಡುತ್ತೇನೆ. ಅಡಿಯಲ್ಲಿ ಇಟಲಿ ಅಂತಿದ್ದರೆ ಕೈ ಸ್ವಲ್ಪ ಮೆತ್ತಗಾಗುತ್ತದೆ.

ಅಮ್ಮ ಮಾತ್ರ ಕಾರಿನ ಹೊಟ್ಟೆ ನೋಡಲಿಲ್ಲ, ಮೂಗು ನೋಡಿದಳು. ಆಲ್ಫಾ ರೋಮಿಯೋದ ಮುದ್ರೆಯಲ್ಲಿ ಎಡಕ್ಕೆ ಕೆಂಪು ಶಿಲುಬೆ, ಬಲಕ್ಕೆ ಸುರುಳಿ ಸುತ್ತಿದ ಒಂದು ಹಾವು. ಮಿಲಾನನ್ನು ಆಳಿದ ವಿಸ್ಕೊಂತಿ ಮನೆತನದ ಲಾಂಛನ ಅದು. ಹಾವಿನ ಬಾಯಲ್ಲಿ ಒಬ್ಬ ಮನುಷ್ಯ.

“ಇದೆಂತ ಮಗಾ, ನಾಗ!”

“ಹೌದಮ್ಮ, ಇಟಲಿಯ ಹಾವು.”

“ಮನುಷ್ಯನ್ನ ನುಂಗುದಾ, ಅಲ್ಲಾ ಬಾಯಿಂದ ಹೊರ್ಗ್ ಬಪ್ಪುದಾ?”

ಒಳ್ಳೆಯ ಪ್ರಶ್ನೆ. ಇಟಲಿಯವರಲ್ಲೂ ಇದಕ್ಕೆ ಎರಡು ಪಂಗಡವುಂಟು. ನುಂಗುವುದು ಅಂತ ಕೆಲವರು, ಹೊರಬಂದು ಹೊಸ ಹುಟ್ಟು ಪಡೆಯುವುದು ಅಂತ ಕೆಲವರು. ಅಮ್ಮ ವಾದಕ್ಕೆ ನಿಲ್ಲಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಕಾರನ್ನು ಎತ್ತಿ ಒಳಗೆ ತಂದಳು, ಮೂಡು ದಿಕ್ಕಿಗೆ ಮುಖ ಮಾಡಿ ಕಪಾಟಿನಲ್ಲಿ ಇಟ್ಟಳು. ನನ್ನ ಸಂಗ್ರಹಕ್ಕೆ ಕಪಾಟು ಸಿಕ್ಕಿದ್ದು ಹೀಗೆ, ನಾಗನ ಭಯದಿಂದ. ಮುಂದೆ ಮಸೆರಾಟಿ ಬಂದಾಗ ಅದರ ಮೂಗಿನಲ್ಲಿ ತ್ರಿಶೂಲ. ಬೊಲೋನ್ಯಾ ಪಟ್ಟಣದ ಕಾರಂಜಿಯಲ್ಲಿ ನಿಂತಿರುವ ಸಮುದ್ರದೇವ ನೆಪ್ಚೂನನ ಕೈಯಿಂದ ಮಸೆರಾಟಿ ಸಹೋದರರು ತೆಗೆದುಕೊಂಡ ತ್ರಿಶೂಲ ಅದು. ಕಡಲ ಬದಿಯ ಅಮ್ಮನಿಗೆ ಸಮುದ್ರರಾಜನ ವಿಷಯದಲ್ಲಿ ತಕರಾರಿರಲಿಲ್ಲ. ಕುದುರೆಯ ಗುರುತಿನ ಫೆರಾರಿಯನ್ನು ಮಾತ್ರ ಇವತ್ತಿನ ತನಕ ಕೆಳಗಿನ ಹಲಗೆಗೇ ಇಟ್ಟಿದ್ದಾಳೆ. ಎಷ್ಟು ಓಟ ಗೆದ್ದಿದ್ದರೇನು, ಪ್ರಾಣಿ ಪ್ರಾಣಿಯೇ.

ಕುಂದಾಪುರದಲ್ಲಿ ನಾನೊಬ್ಬನೇ ಆಗಿದ್ದರೆ ಈ ರೋಗ ಇಷ್ಟು ಬಲಿಯುತ್ತಿರಲಿಲ್ಲ. ತಂದುಕೊಟ್ಟ ಪಾಪಕ್ಕೆ ಭಾವನೂ ಸಿಕ್ಕಿಬಿದ್ದ. ಬೈಂದೂರಿನಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಷ್ಟ್ರು ಇದ್ದಾರೆ, ನಮ್ಮಿಬ್ಬರಿಗೂ ಗುರುಸಮಾನರು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಎರಡೂ ಬೇರೆ ಬೇರೆ ತಾಲೂಕುಗಳಾದ ಮೇಲೆ ನಾವು ಮೂರು ತಾಲೂಕಿನ ಮೂರು ಮಳ್ಳುಗಳು. ಮಾಷ್ಟ್ರು ಇಟಲಿಯ ಬ್ರೂಮ್ ಕಂಪನಿಯ ಭಕ್ತರು. ಕೋಮೊ ಸರೋವರದ ಕಡೆ 1972ರಲ್ಲಿ ಶುರುವಾದ ಬ್ರೂಮ್ ಮೊದಲು ಮಾಡಿದ್ದು ಕುದುರೆಗಾಡಿಯ ಮಾದರಿಗಳನ್ನು. ಆ ಹೆಸರೇ ಮಿಲಾನ್ ಕಡೆಯ ಆಡುಮಾತಿನಲ್ಲಿ ಒಂದು ಬಗೆಯ ಗಾಡಿಗೆ ಹೇಳುವ ಮಾತು. ಆಮೇಲೆ ಹಳೆ ಓಟದ ಕಾರುಗಳಿಗೆ ಇಳಿದರು. ಭಾವನದು ಒಂದೇ ವ್ರತ: ಬಾಗಿಲು ತೆರೆಯದ ಕಾರನ್ನು ಮುಟ್ಟುವುದಿಲ್ಲ. ಹಳೆಯ ಓಟದ ಕಾರುಗಳಲ್ಲಿ ಮುಕ್ಕಾಲು ಪಾಲಿಗೆ ಬಾಗಿಲೇ ಇಲ್ಲ ಅಂತ ಅವನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ನಮ್ಮ ಮೂವರ ನಡುವೆ ನಿಜವಾದ ಜಗಳ ಆದದ್ದು ಒಂದು ಜರ್ಮನ್ ಕಾರಿಗಾಗಿ. ಅದನ್ನು ಹೇಳಬೇಕಾದರೆ ಮಿಲ್ಲೆ ಮಿಲ್ಯಾದ ವಿಷಯ ಹೇಳಬೇಕು. ಸಾವಿರ ಮೈಲಿ ಅಂತ ಅದರ ಅರ್ಥ. 1927ರಿಂದ 1957ರ ತನಕ, ನಡುವೆ ಕೆಲವು ವರ್ಷಗಳನ್ನು ಬಿಟ್ಟು, ಇಟಲಿಯ ಬ್ರೆಶಿಯಾದಿಂದ ಹೊರಟು ರೋಮ್ ಮುಟ್ಟಿ ಮತ್ತೆ ಬ್ರೆಶಿಯಾಕ್ಕೆ ಬರುವ ಓಟ. ಓಟಕ್ಕೆಂದು ಕಟ್ಟಿದ ಟ್ರ್ಯಾಕ್ ಇಲ್ಲ. ಊರುಕೇರಿಯ ಮಾಮೂಲಿ ರಸ್ತೆ, ಎರಡೂ ಬದಿಗೆ ಜನ. 1930ರ ಓಟದಲ್ಲಿ ತಾಜಿಯೋ ನುವೊಲಾರಿ ಕತ್ತಲಲ್ಲಿ ಹೆಡ್‌ಲೈಟ್ ಆರಿಸಿಕೊಂಡು ಎದುರಾಳಿ ವಾರ್ಜಿಯ ಬೆನ್ನಿಗೆ ಬಂದು ತಟ್ಟನೆ ಮುಂದೆ ಹಾರಿದ ಅಂತ ಒಂದು ದಂತಕತೆಯಿದೆ. ನಮ್ಮ ಹೆದ್ದಾರಿಯ ಒಕ್ಕಣ್ಣು ಲಾರಿಗಳನ್ನು ಕಂಡಾಗಲೆಲ್ಲ ನನಗೆ ನುವೊಲಾರಿಯ ನೆನಪು. ಅರ್ಧ ಪರಂಪರೆಯನ್ನಾದರೂ ಉಳಿಸಿಕೊಂಡಿದ್ದಾರೆ.

ಆದರೆ ನನ್ನನ್ನು ಕೆಡಿಸಿದ್ದು ಅದರ ನಂಬರು. ಯುದ್ಧದ ನಂತರದ ಮಿಲ್ಲೆ ಮಿಲ್ಯಾಗಳಲ್ಲಿ ಕಾರಿನ ಮೈಮೇಲೆ ಬರೆದ ನಂಬರು ಅಂದರೆ ಆ ಕಾರು ಹೊರಡುವ ಟೈಮು. 722 ಅಂತ ಬರೆದಿದ್ದರೆ ಬೆಳಿಗ್ಗೆ ಏಳು ಇಪ್ಪತ್ತೆರಡಕ್ಕೆ ಹೊರಟದ್ದು. ಇದನ್ನು ಮೊದಲು ಓದಿದ ದಿನ ನಾನು ಎದ್ದು ನಿಂತೆ. ಇದು ನಮ್ಮ ಬಸ್ಸು! ಕರಾವಳಿಯಲ್ಲಿ ಬಸ್ಸಿಗೆ ಬೋರ್ಡಿನಲ್ಲಿ ಏನೇ ಹೆಸರು ಬರೆದಿರಲಿ, ಜನರ ಬಾಯಲ್ಲಿ ಅದರ ಹೆಸರು ಟೈಮೇ. “ಎಂಟು ಹತ್ತಕ್ಕೆ ಹೋಯ್ತ್ರ್ಯಾ, ಎಂಟು ಹದಿನಾಲ್ಕಕ್ಕಾ?” ಎಂಟು ಹತ್ತರದ್ದು ನಾಲ್ಕು ನಿಮಿಷ ತಡವಾದರೆ ಎಂಟು ಹದಿನಾಲ್ಕರ ಡ್ರೈವರಿಗೆ ನೆತ್ತಿ ಬಿಸಿ. ಟೈಮ್ ಕೀಪರನ ಎದುರು ಎರಡೂ ಕಂಡಕ್ಟರರು ಕೈ ತೋರಿಸಿ ಮಾತಾಡುವುದು, ಕ್ಲೀನರ್ ಫುಟ್‌ಬೋರ್ಡಿನಿಂದ ಬಾಗಿಲು ಬಡಿಯುವುದು, ಕೋಟ ದಾಟುವಷ್ಟರಲ್ಲಿ ಹಿಂದಿನದ್ದು ಮುಂದೆ, ಸಾಸ್ತಾನ ಬರುವಷ್ಟರಲ್ಲಿ ಮುಂದಿನದ್ದು ಹಿಂದೆ. ಕಿಟಕಿ ಬದಿಯ ಸೀಟಿನಲ್ಲಿ ಕೂತು ಬಟಾಣಿ ತಿನ್ನುತ್ತ ಎಷ್ಟು ಮಿಲ್ಲೆ ಮಿಲ್ಯಾ ಓಡಿದ್ದೇನೋ ನಾನು, ಲೆಕ್ಕವಿಲ್ಲ.

ಸರಿ, ಆ 722. 1955ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಇಂಗ್ಲಿಷ್ ಹುಡುಗ ಮರ್ಸಿಡಿಸ್ 300 ಎಸ್‌ಎಲ್‌ಆರ್ ಓಡಿಸಿ ಗೆದ್ದದ್ದು ಆ ನಂಬರಿನಲ್ಲಿ. 10 ಗಂಟೆ, 7 ನಿಮಿಷ, 48 ಸೆಕೆಂಡು. ಸರಾಸರಿ ಗಂಟೆಗೆ 157 ಕಿಲೋಮೀಟರ್ ಮೀರಿದ ವೇಗ. ಓಟ ಇಟಲಿಯದ್ದು, ಕಾರು ಜರ್ಮನಿಯದ್ದು, ಬಣ್ಣ ಬೆಳ್ಳಿ. ಅದನ್ನು ಇಟಲಿಯ ಕಪಾಟಿನಲ್ಲಿ ಇಡಬಹುದೋ ಇಲ್ಲವೋ? ಮಾಷ್ಟ್ರು ಖಂಡಿತ ಬೇಡ ಅಂದರು. ಭಾವ “ಊಟಕ್ಕೆ ಬಂದವ್ರನ್ನ ಹಂತಿಯಿಂದ ಎಬ್ಬಿಸ್ತ್ರ್ಯಾ ಮಾಷ್ಟ್ರೆ?” ಅಂತ ಕೇಳಿದ. ಕಡೆಗೆ ಒಳಗಿನ ಹಂತಿ ಇಟಲಿಗೆ, ಹೊರಗಿನ ಜಗಲಿ ಜರ್ಮನಿಗೆ ಅಂತ ರಾಜಿಯಾಯಿತು. ಮರ್ಸಿಡಿಸ್ ಈಗ ಟಿವಿಯ ಮೇಲೆ ಒಂಟಿಯಾಗಿ ನಿಂತಿದೆ.

ಮಾಸ್ ಓಡಿದ ಆ ವೇಗವನ್ನು 43ರಿಂದ ಭಾಗಿಸಿದರೆ ಎಷ್ಟು? ಸೆಕೆಂಡಿಗೆ ಒಂದು ಮೀಟರ್, ಕೂದಲೆಳೆ ಹೆಚ್ಚು. ಶಾಸ್ತ್ರಿ ಸರ್ಕಲ್ಲಿಗೆ ತರಕಾರಿ ಚೀಲ ಹಿಡಿದು ನಾನು ನಡೆಯುವ ವೇಗ ಅದು. ದೂರವನ್ನು ಭಾಗಿಸಿದರೆ? ಸುಮಾರು 1,600 ಕಿಲೋಮೀಟರ್ ಓಟ 37 ಕಿಲೋಮೀಟರಿಗೆ ಇಳಿಯುತ್ತದೆ. ಕುಂದಾಪುರದಿಂದ ಉಡುಪಿಗೆ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಒಬ್ಬ ಮನುಷ್ಯ ಬೆಳಿಗ್ಗೆ ಕುಂದಾಪುರದಲ್ಲಿ ಹೊರಟು, ಹತ್ತು ಗಂಟೆ ನಡೆದು, ಸಂಜೆ ಉಡುಪಿ ರಥಬೀದಿಗೆ ಮುಟ್ಟಿದರೆ ಅವನು ನಮ್ಮ ಅಳತೆಯಲ್ಲಿ ಸ್ಟರ್ಲಿಂಗ್ ಮಾಸ್. ಹರಕೆ ಹೊತ್ತು ನಡೆದು ಹೋಗುವ ಎಷ್ಟು ಜನ ತಮಗೇ ಗೊತ್ತಿಲ್ಲದೆ ಈ ದಾಖಲೆ ಮುರಿದಿದ್ದಾರೋ!

1957ರ ಓಟದ ಒಂದು ಫೆರಾರಿಯ ವಿಷಯದಲ್ಲಿ ನಮಗೆ ತಮಾಷೆ ಬರುವುದಿಲ್ಲ. 531, ಬೆಳಿಗ್ಗೆ ಐದು ಮೂವತ್ತೊಂದಕ್ಕೆ ಹೊರಟದ್ದು. ಬ್ರೆಶಿಯಾ ಇನ್ನೇನು ಬಂತು ಅನ್ನುವಾಗ ಗ್ವಿದಿತ್ಸೋಲೊ ಹಳ್ಳಿಯ ಹತ್ತಿರ ಟಯರ್ ಒಡೆಯಿತು. ಓಡಿಸುತ್ತಿದ್ದ ದೆ ಪೋರ್ತಾಗೊ, ಪಕ್ಕದಲ್ಲಿದ್ದ ನೆಲ್ಸನ್, ರಸ್ತೆ ಬದಿಯಲ್ಲಿ ನೋಡಲು ನಿಂತಿದ್ದ ಒಂಬತ್ತು ಜನ ಹೋದರು. ಒಂಬತ್ತರಲ್ಲಿ ಐದು ಮಕ್ಕಳು. ಮಿಲ್ಲೆ ಮಿಲ್ಯಾ ಅಲ್ಲಿಗೆ ಮುಗಿಯಿತು. ಮಾಷ್ಟ್ರ ಹತ್ತಿರ ಆ ವರ್ಷದ ಕಾರುಗಳು ಸುಮಾರಿವೆ. 531 ಇಲ್ಲ. ಕಾರಣ ಅವರು ಹೇಳಿಲ್ಲ. ಹೆದ್ದಾರಿ ಬದಿಯ ಶಾಲೆಯಲ್ಲಿ ಪಾಠ ಮಾಡಿದವರು, ನಾವೂ ಕೇಳಿಲ್ಲ.

ಅದೇ ಓಟ ಗೆದ್ದದ್ದು 535. ಪಿಯೆರೊ ತರುಫಿ, ಐವತ್ತು ವರ್ಷದ ನರೆತ ತಲೆಯವ. ಎಷ್ಟೋ ಸಲ ಓಡಿ ಗೆಲ್ಲದೆ, ಇದೊಂದು ಗೆದ್ದರೆ ಓಟವನ್ನೇ ಬಿಡುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದ. ಗೆದ್ದ, ಬಿಟ್ಟ. ಈ ಕತೆಯನ್ನು ಮನೆಯಲ್ಲಿ ಹೇಳಬಾರದಿತ್ತು. ಈಗ ಪಾರ್ಸೆಲ್ ಬಂದಾಗಲೆಲ್ಲ ಒಳಗಿನಿಂದ ಒಂದೇ ಪ್ರಶ್ನೆ: “ಹ್ವಾಯ್, ನೀವ್ ಯಾವಾಗ ಗೆಲ್ತ್ರಿ?”

ಕುಂದಾಪುರದವನಿಗೆ ಇಟಲಿಯ ಕಾರಿನ ಹುಚ್ಚು ಎಲ್ಲಿಂದ ಅಂತ ನಗುವವರಿಗೆ ನನ್ನ ಉತ್ತರ ಸಿದ್ಧವಿದೆ. ನಮ್ಮ ಮನೆಮನೆಯ ಗಂಡುಮಕ್ಕಳು ಹೋಟೆಲ್ ಕೆಲಸಕ್ಕೆ ಬೊಂಬಾಯಿಗೆ ಹೋಗಿ ಮೊದಲು ಹತ್ತಿದ ಟ್ಯಾಕ್ಸಿ ಯಾವುದು? ಕಪ್ಪು-ಹಳದಿ ಫಿಯೆಟ್. ಇಟಲಿಯ ಫಿಯೆಟ್ 1100 ಅನ್ನು ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಮಾಡುತ್ತಿತ್ತು. 1974ರಿಂದ ಅದಕ್ಕೆ ಪದ್ಮಿನಿ ಅಂತ ಹೆಸರು. ಗೇರು ನೆಲದಲ್ಲಿಲ್ಲ, ಸ್ಟೇರಿಂಗ್ ಪಕ್ಕದಲ್ಲಿ. ನಮ್ಮ ಮಾವ ಒಬ್ಬರು ರಜೆಗೆ ಬಂದಾಗಲೆಲ್ಲ ಮಡಲಿನ ಕಡ್ಡಿ ಹಿಡಿದು ಆ ಗೇರು ಹಾಕುವ ಬಗೆ ತೋರಿಸುತ್ತಿದ್ದರು. ಅವರಿಗೂ ಲೈಸೆನ್ಸ್ ಇರಲಿಲ್ಲ, ನಮ್ಮ ವಂಶಕ್ಕೇ ಇಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬೈ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ.

ಈಗ ಸ್ವಲ್ಪ ಮುಂದೆ ಬಾಗಿ ಕೇಳಿ. ಪದ್ಮಿನಿಯ ಎಂಜಿನ್ 1089 ಸಿಸಿ. ಅದರ ಮೂಲ ಹುಡುಕಿದರೆ ಮೂವತ್ತರ ದಶಕದ ಫಿಯೆಟ್ 508 ಸಿ ಸಿಗುತ್ತದೆ. ಅದೂ 1089 ಸಿಸಿಯೇ. ಎಂಜೊ ಫೆರಾರಿ ಆಲ್ಫಾ ರೋಮಿಯೋದ ಕೆಲಸ ಬಿಟ್ಟು ಹೊರಬಂದಾಗ ನಾಲ್ಕು ವರ್ಷ ತನ್ನ ಹೆಸರಿನಲ್ಲಿ ಓಟದ ಕಾರು ಕಟ್ಟಬಾರದು ಅಂತ ಕರಾರಿತ್ತು. ಹಾಗಾಗಿ ಹೆಸರಿಲ್ಲದೆ ಕಟ್ಟಿದ. ಅದೇ 815: ಎಂಟು ಸಿಲಿಂಡರು, ಒಂದೂವರೆ ಲೀಟರು. ಆ ಎಂಟು ಸಿಲಿಂಡರು ಎಲ್ಲಿಂದ? ಈ ಫಿಯೆಟ್ ಎಂಜಿನ್ನಿನ ನಾಲ್ಕು ನಾಲ್ಕನ್ನು ಸಾಲಿಗೆ ಸೇರಿಸುವ ಉಪಾಯದಿಂದ, ಬಹಳಷ್ಟು ಬಿಡಿಭಾಗಗಳೂ ಅದರದ್ದೇ. ಎರಡೇ ಕಾರು ಕಟ್ಟಿದರು. 1940ರ ಏಪ್ರಿಲಿನಲ್ಲಿ ಬ್ರೆಶಿಯಾದ ಓಟಕ್ಕೆ ಬಿಟ್ಟರು, ಒಂದನ್ನು ಓಡಿಸಿದ್ದು ಮುಂದೆ ಎರಡು ಸಲ ವಿಶ್ವ ಚಾಂಪಿಯನ್ ಆದ ಆಲ್ಬೆರ್ತೊ ಅಸ್ಕಾರಿ. ಎರಡೂ ನಡುದಾರಿಯಲ್ಲಿ ಕೆಟ್ಟು ನಿಂತವು. ಫೆರಾರಿಯ ಮೊದಲ ಕೂಸು ಮತ್ತು ದಾದರ್ ಸ್ಟೇಷನ್ನಿನ ಹೊರಗೆ ನಮ್ಮ ಮಾವ ಚೌಕಾಶಿ ಮಾಡಿ ಹತ್ತಿದ ಟ್ಯಾಕ್ಸಿ ಒಂದೇ ಬಳಗ. ಕೆಟ್ಟು ನಿಲ್ಲುವ ಗುಣ ಕೂಡ ಬಳಗದ್ದೇ ಅಂತ ಮಾವ ಹೇಳುತ್ತಿದ್ದರು. ನನ್ನ ಕಪಾಟಿನಲ್ಲಿ 815ರ ಪಕ್ಕ ಒಂದು ಕಪ್ಪು-ಹಳದಿ ಪದ್ಮಿನಿಯನ್ನು ನಿಲ್ಲಿಸಿದ್ದೇನೆ. ಮಾಷ್ಟ್ರು ಮೊದಲು ಹುಬ್ಬು ಗಂಟು ಹಾಕಿದರು. ಕತೆ ಕೇಳಿ, ಕನ್ನಡಕ ತೆಗೆದು ಒರೆಸಿ, “ಇರ್ಲಿ” ಅಂದರು. ಅವರ ಬಾಯಿಂದ ಅಷ್ಟು ಬಂದರೆ ಪ್ರಶಸ್ತಿ.

ಸಂಗ್ರಹಕಾರನಿಗೆ ಇನ್ನೊಂದು ಚಟ, ಫೋಟೋ. ಕಾರನ್ನು ನಿಜದ ರಸ್ತೆಯಲ್ಲಿ ನಿಂತ ಹಾಗೆ ತೆಗೆಯಬೇಕು. ಮಿಲ್ಲೆ ಮಿಲ್ಯಾದ ದಾರಿ ಒಂದಷ್ಟು ದೂರ ಏಡ್ರಿಯಾಟಿಕ್ ಕಡಲಿನ ಬದಿಗೆ ಸಾಗುತ್ತಿತ್ತು. ನಮಗೆ ಮರವಂತೆಯೇ ಇರುವಾಗ ಏಡ್ರಿಯಾಟಿಕ್ ಯಾಕೆ? ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಒಂದು ಭಾನುವಾರ ಬೆಳಿಗ್ಗೆ ತಡೆಗಲ್ಲಿನ ಮೇಲೆ ಮಸೆರಾಟಿ 250 ಎಫ್ ಇಟ್ಟೆ. ಕಾರು ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾ ಗಾಲಿಯ ಮಟ್ಟಕ್ಕೆ ಇಳಿಯಬೇಕು. ಹೊಟ್ಟೆ ಕೆಳಗೆ ಮಾಡಿ ಮಲಗಿದೆ. ಮೊಣಕೈಗೆ ಬಂಡೆ ತರಚಿತು, ಲುಂಗಿ ಗಾಳಿಗೆ ಹಾರಿತು. ಮೊಬೈಲಿನ ಪರದೆಯಲ್ಲಿ ಮಾತ್ರ ಅದ್ಭುತ: ಕೆಂಪು ಮೂಗು, ಹಿಂದೆ ನೀಲಿ ನೀರು, ಆ ಕಾಲದಲ್ಲಿ ಅದನ್ನು ಓಡಿಸಿದ ಫಾಂಜಿಯೊ ಈಗ ಹತ್ತಿ ಕೂತರೆ ಹೊರಟೇಬಿಡುವ ಹಾಗೆ. ಬಟನ್ ಒತ್ತಬೇಕು, ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತ ಒಬ್ಬರು ಹೆಂಗಸು ಪಕ್ಕ ಬಂದು ನಿಂತರು.

“ಎಂತ ಹುಡುಕ್ತ್ರಿ ಅಯ್ಯ? ಕಾಸ್ ಬಿದ್ದಿತ್ತಾ?”

ನಾನು ಕಾರು ತೋರಿಸಿದೆ. ಅವರು ಬಗ್ಗಿ ನೋಡಿದರು, ಸುತ್ತ ನೋಡಿದರು. “ಮಕ್ಳ್ ಎಲ್ಲಿತ್ತ್?” ಅಂದರು. ನಾನು ಏನು ಹೇಳಲಿ? ಮಕ್ಕಳು ಆ ಕಡೆ ಆಡ್ತಿದ್ದಾರೆ ಅಂತ ಸಮುದ್ರದ ದಿಕ್ಕಿಗೆ ಕೈ ತೋರಿಸಿದೆ. ಅವರು ಗಾಬರಿಯಾಗಿ ನೀರಿನ ಕಡೆ ನೋಡತೊಡಗಿದ ಮೇಲೆ ತಪ್ಪೊಪ್ಪಿಕೊಳ್ಳಬೇಕಾಯಿತು.

ಮರವಂತೆಯ ಗಾಳಿ ಆ ಫೋಟೋಕ್ಕೆ ಬಾಡಿಗೆ ವಸೂಲು ಮಾಡಿಯೇ ಬಿಟ್ಟಿತು. ಹದಿನೈದು ದಿನದಲ್ಲಿ ಮಸೆರಾಟಿಯ ಹೊಗೆಕೊಳವೆಯ ಹೊಳಪಿನ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಈ ಕಾರುಗಳ ಮೈ ಸತುವಿನ ಮಿಶ್ರಲೋಹ. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅದರೊಳಗೆ ಎಲ್ಲಾದರೂ ಚೂರು ಸೀಸ ಬೆರೆತಿದ್ದರೆ, ವರ್ಷಗಳ ಮೇಲೆ, ಮುಟ್ಟದೆ ಇಟ್ಟಲ್ಲೇ ಕಾರು ಬಿರಿಯುತ್ತದೆ, ಉಬ್ಬುತ್ತದೆ, ಹುರಿದ ಹಪ್ಪಳದ ಹಾಗೆ ಪುಡಿಯಾಗುತ್ತದೆ. ತೇವ ಸಿಕ್ಕಿದರೆ ಬೇಗ. ತೇವಕ್ಕೆ ನಮ್ಮಲ್ಲಿ ಬರವೇ? ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಬೆಂಕಿಪೊಟ್ಟಣ ಹತ್ತುವುದಿಲ್ಲ, ಪಂಚೆ ಮೂರು ದಿನವಾದರೂ ಒಣಗುವುದಿಲ್ಲ. ಆ ನಾಲ್ಕು ತಿಂಗಳು ನಾನು ಚಪ್ಪಲಿ ಅಂಗಡಿಯಲ್ಲಿ ಭಿಕ್ಷೆ ಬೇಡುತ್ತೇನೆ. ಶೂ ಪೆಟ್ಟಿಗೆಯೊಳಗಿನ ಸಿಲಿಕಾ ಜೆಲ್ ಪೊಟ್ಟಣಕ್ಕೆ. ಒಲೆಯ ಬದಿಗಿಟ್ಟು ಒಣಗಿಸಿ ಕಪಾಟಿನ ಮೂಲೆಮೂಲೆಗೆ ಇಡುವುದು. ಒಮ್ಮೆ ಒಲೆ ಬದಿಯ ಆ ಪೊಟ್ಟಣವನ್ನು ನೋಡಿ ಅಮ್ಮ ಸಬ್ಬಕ್ಕಿ ಅಂತ ತಿಳಿದುಕೊಂಡಿದ್ದಳು. ಪಾಯಸ ಸ್ವಲ್ಪದರಲ್ಲಿ ತಪ್ಪಿತು.

ಇದು ಆಟಿಕೆಯಲ್ಲ, ಮಾದರಿ, ಅಂತ ನಾವು ಮೂವರೂ ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇವೆ. ಸರ್ಕಾರ ಒಪ್ಪುವುದಿಲ್ಲ. ಸುಂಕದ ಪಟ್ಟಿಯಲ್ಲಿ ಒಂದೇ ಸಾಲು: ಮೂರು ಗಾಲಿಯ ಸೈಕಲ್ಲು, ಬೊಂಬೆ, ಬೊಂಬೆಯ ಗಾಡಿ, ಅದರ ಬೆನ್ನಿಗೇ ನಮ್ಮ ಅಳತೆಯ ಮಾದರಿ. 2020ರಲ್ಲಿ ಆಟಿಕೆಯ ಆಮದು ಸುಂಕ ನೂರಕ್ಕೆ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70. ಹಾಗಾಗಿ ಬೆಲೆಗೂ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಕಾರು 1:43, ಮನೆಯಲ್ಲಿ ಹೇಳುವ ಬೆಲೆ 1:10. ಒಮ್ಮೆ ಧೈರ್ಯ ಮಾಡಿ, ಅಸಲಿ ಫೆರಾರಿ 250 ಜಿಟಿಒ ಒಟ್ಟು ಕಟ್ಟಿದ್ದೇ 36, ಅದರಲ್ಲೊಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು, ನನ್ನದು ಎಷ್ಟು ಅಗ್ಗ ನೋಡು ಅಂದೆ. “ಅದ್ ಓಡ್ತಿತ್ತಲ್ದಾ?” ಅಂದಳು ಹೆಂಡತಿ. ಅಲ್ಲಿಗೆ ಆ ದಿನದ ಅರ್ಥಶಾಸ್ತ್ರ ಮುಗಿಯಿತು.

ಸುಂಕದ ಪಟ್ಟಿಯಲ್ಲಿ ಬೊಂಬೆಯ ಜೊತೆ ಸೇರಿಸಿದ್ದಕ್ಕೆ ಭಾವನಿಗೆ ಸಿಟ್ಟು, ನನಗಿಲ್ಲ. ಉಪ್ಪಿನಕುದ್ರಿನ ಯಕ್ಷಗಾನ ಗೊಂಬೆಯಾಟ ನೋಡಿದವನಿಗೆ ಆ ಸಿಟ್ಟು ಬರಬಾರದು. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆ ಗೊಂಬೆಗಳು ಸುಮಾರು ಒಂದೂವರೆ ಅಡಿ ಎತ್ತರ. ಆಳೆತ್ತರದ ವೇಷಧಾರಿಯ ಜೊತೆ ಹಿಡಿದು ನೋಡಿದರೆ ಅದು 1:4ರ ಅಳತೆ! ಮುಂಡಾಸು, ಭುಜಕೀರ್ತಿ, ಗೆಜ್ಜೆ, ಒಂದೂ ಬಿಟ್ಟಿಲ್ಲ. ಬಡಗುತಿಟ್ಟಿನ ಹೆಜ್ಜೆಯನ್ನೂ ನೂಲಿನಲ್ಲೇ ಹಾಕಿಸುತ್ತಾರೆ. ಇಂಥದೇ ಕೈಕೆಲಸದ ಇನ್ನೊಂದು ಊರು ಕೋಟೇಶ್ವರ. ಅಲ್ಲಿಯ ಕಾರ್ಯಾಗಾರದಲ್ಲಿ ತೇರು ಕಟ್ಟುತ್ತಾರೆ. 2019ರಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದ ಬ್ರಹ್ಮರಥ ಹುಟ್ಟಿದ್ದು ಅಲ್ಲಿ, ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರ ಕೈಯಲ್ಲಿ. ಕೊಡಿ ಹಬ್ಬದ ದಿನ ಕೋಟೇಶ್ವರದ ತೇರು ಎಳೆಯುವಾಗ ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಕೊಂಡು ಮನೆಗೆ ಹೋಗುತ್ತಾರೆ. ನಾನು ನನ್ನ ಮದುವೆಯ ವರ್ಷ ಕಬ್ಬಿನ ಕೊಡಿಯ ಜೊತೆ ಸಂತೆಯಿಂದ ಒಂದು ತಗಡಿನ ಕಾರನ್ನೂ ಕೊಂಡಿದ್ದೆ. ಮುಂದಿನದ್ದೆಲ್ಲ ಅವತ್ತೇ ತನಗೆ ತಿಳಿಯಬೇಕಿತ್ತು ಅಂತ ಹೆಂಡತಿ ಈಗಲೂ ಹೇಳುತ್ತಾಳೆ.

ಕಳೆದ ವರ್ಷದ ಆಯುಧಪೂಜೆಯ ದಿನ. ಕೇರಿಯಲ್ಲೆಲ್ಲ ಕಾರು, ಬೈಕು, ರಿಕ್ಷಾಗಳಿಗೆ ಸ್ನಾನ, ಹೂವಿನ ಮಾಲೆ. ನಮ್ಮ ಅಂಗಳದಲ್ಲಿ ತೊಳೆಯಲು ಒಂದು ಸೈಕಲ್ಲೂ ಇಲ್ಲ. ಅಮ್ಮನಿಗೆ ಅದು ಸರಿ ಕಾಣಲಿಲ್ಲ. ನಾಗನ ಗುರುತಿನ ಮೋಂಜಾ ಮತ್ತು ಹತ್ತಿರ ಸಿಕ್ಕಿದ ಒಂದು ಸಣ್ಣ ಆಲ್ಫಾ, ಎರಡನ್ನೂ ಮಣೆಯ ಮೇಲೆ ತಂದಿಟ್ಟಳು. ಕುಂಕುಮ ಇಟ್ಟಳು, ಮೋಂಜಾಕ್ಕೆ ಬೋನೆಟ್ಟಿನ ಮೇಲೆ ಒಂದು ಬೊಟ್ಟು, ಸಣ್ಣದಕ್ಕೆ ಒಂದು ಬೊಟ್ಟು ಹಾಕುವಷ್ಟರಲ್ಲಿ ಬೋನೆಟ್ಟೇ ಮುಗಿಯಿತು. ದಾಸವಾಳ ಇಟ್ಟರೆ ಕಾರು ಕಾಣುವುದಿಲ್ಲ. ಕರವೀರದ ಒಂದು ಎಸಳು ಇಟ್ಟಳು. ಇನ್ನು ಗಾಲಿಗೆ ಲಿಂಬೆಹಣ್ಣು. ಒಂದು ಲಿಂಬೆಹಣ್ಣು ಸಣ್ಣ ಕಾರಿನ ಅರ್ಧದಷ್ಟು ಇತ್ತು. ಅಮ್ಮ ಅದನ್ನು ಒಮ್ಮೆ ನೋಡಿದಳು, ಕಾರನ್ನು ಒಮ್ಮೆ ನೋಡಿದಳು.

“ಲಿಂಬೆಹಣ್ಣನ್ನ 43 ಪಾಲ್ ಮಾಡಿ,” ಅಂದಳು ಹೆಂಡತಿ ಅಡುಗೆಮನೆಯಿಂದ, ತಲೆ ಎತ್ತದೆ. “ಒಂದ್ ಮಿಲಿಮೀಟರ್ ಆತ್ತ್.”

ನಂತರ ಅವಳೇ ಒಗ್ಗರಣೆ ಡಬ್ಬಿ ಹಿಡಿದುಕೊಂಡು ಬಂದಳು. ನಾಲ್ಕು ಸಾಸಿವೆ ಕಾಳು ಎಣಿಸಿ ಅಮ್ಮನ ಅಂಗೈಗೆ ಹಾಕಿದಳು. ಅಮ್ಮ ಗಾಲಿಗೊಂದರಂತೆ ಇಟ್ಟು, ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಕಾರನ್ನು ಮುಂದೆ ದೂಡಿದಳು. ಸಾಸಿವೆ ಒಡೆಯಲಿಲ್ಲ. ಉರುಳಿತು. ಸಾಸಿವೆಯ ಮೇಲೆ ಆಲ್ಫಾ ರೋಮಿಯೋ ಜಾರಿ, ಮಣೆ ಇಳಿದು, ರೆಡ್ ಆಕ್ಸೈಡ್ ನೆಲದ ಮೇಲೆ ಸುಂಯ್ ಅಂತ ಹೋಗಿ ಹೊಸ್ತಿಲಿಗೆ ಬಡಿದು ನಿಂತಿತು.

“ಎಷ್ಟ್ ಸ್ಪೀಡ್?” ಅಂತ ಕೇಳಿದಳು ಅಮ್ಮ.

ನಾನು 43ರಿಂದ ಗುಣಿಸಲು ಶುರುಮಾಡಿದೆ. ಹೆಂಡತಿ ಆಗಲೇ ಉಳಿದ ಸಾಸಿವೆಯನ್ನು ಬಾಣಲೆಗೆ ಹಾಕಿದ್ದಳು.